ಬಾಡಿಗೆ ಗಂಡು ಹಂದಿ ತಂದ ಮೇಲೆ ಕಂದು ಹಾಕುತ್ತಿವೆ

ಪ್ರಶ್ನೆ: ಆರು ಹೆಣ್ಣು ಹಂದಿ ಸಾಕಿದ್ದೇನೆ. ಪಕ್ಕದ ಊರಿನ ಗಂಡು ಹಂದಿಯನ್ನು ಬಾಡಿಗೆಗೆ ತಂದು ಕೂಡಿಸಿದ ಮೇಲೆ ಎರಡು ಹಂದಿಗಳು ಎರಡು ತಿಂಗಳೊಳಗೇ ಗಬ್ಬ ಇಳಿದು ಕಂದು ಹಾಕಿದವು. ಇನ್ನೊಂದು ನಲವತ್ತನೇ ದಿನಕ್ಕೆ ಮತ್ತೆ ಬೆದೆಗೆ ಬಂತು. ಯಾವುದಕ್ಕೂ ಜ್ವರವಿಲ್ಲ, ಗಂಡೂ ಗಟ್ಟಿಮುಟ್ಟಾಗಿದೆ. ಇಂಜೆಕ್ಷನ್ ಕೊಡಿಸಿ ಮತ್ತೆ ಕೂಡಿಸಬಹುದೇ?
— ಓದುಗರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ದಯವಿಟ್ಟು ಕೂಡಿಸಬೇಡಿ. ಆ ಗಂಡನ್ನು ಬೇರೆ ಯಾರ ಮನೆಗೂ ಕಳಿಸದಂತೆ ಅದರ ಮಾಲೀಕರಿಗೆ ಇವತ್ತೇ ಹೇಳಿ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆ ನಲವತ್ತನೇ ದಿನ. ಗಬ್ಬ ನಿಲ್ಲದ ಹಂದಿ ಸುಮಾರು 21 ದಿನಕ್ಕೇ ಬೆದೆಗೆ ಬರಬೇಕು. 30ರಿಂದ 45 ದಿನಕ್ಕೆ ಬಂತೆಂದರೆ, ಗಬ್ಬ ಕಟ್ಟಿ, ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಹೋಗಿರಬಹುದು. ಬ್ರುಸೆಲ್ಲೋಸಿಸ್ ರೋಗ ತರುವ ಬ್ರುಸೆಲ್ಲಾ ಸುಯಿಸ್ ಎಂಬ ಬ್ಯಾಕ್ಟೀರಿಯಾ ವೀರ್ಯದ ಜೊತೆ ಒಳಹೊಕ್ಕಾಗ ಹೀಗಾಗುತ್ತದೆ. ಲೆಪ್ಟೊಸ್ಪೈರಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಆಗಿದ್ದರೆ ಹೆಚ್ಚಾಗಿ ಈಯುವ ದಿನ ಹತ್ತಿರವಾದಾಗ ಕಂದು ಹಾಕುತ್ತವೆ. ಆದರೂ ಎರಡಕ್ಕೂ ಪರೀಕ್ಷೆ ಮಾಡಿಸಿ.

ಗಂಡಿನ ಮೈಕಟ್ಟು ನೋಡಿ ನಂಬಬೇಡಿ. ಚೆನ್ನಾಗಿ ತಿಂದುಂಡು ಓಡಾಡುವ ಗಂಡೂ ವರ್ಷಗಟ್ಟಲೆ ವೀರ್ಯದಲ್ಲಿ ಈ ರೋಗಾಣುವನ್ನು ಹಂಚುತ್ತಿರುತ್ತದೆ. ಹಿಂದಿನಿಂದ ನೋಡಿ: ಒಂದು ಬೀಜ ಇನ್ನೊಂದಕ್ಕಿಂತ ಊದಿದೆಯೇ, ಹಿಂಗಾಲು ಕುಂಟುತ್ತದೆಯೇ? ಎಷ್ಟೋ ಗಂಡುಗಳಲ್ಲಿ ಈ ಗುರುತೂ ಇರುವುದಿಲ್ಲ, ರಕ್ತವನ್ನೇ ನೋಡಬೇಕು. ಒಂದೇ ಹಂದಿಯ ಫಲಿತಾಂಶ ದಾರಿ ತಪ್ಪಿಸೀತು, ಆದ್ದರಿಂದ ಆರೂ ಹೆಣ್ಣು, ಆ ಗಂಡು, ಎಲ್ಲದರ ರಕ್ತ ತೆಗೆಸಿ. ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಇಂಥ ಜಾನುವಾರು ರೋಗಗಳ ಅಧ್ಯಯನಕ್ಕೆ ಬೆಂಗಳೂರಿನ ಯಲಹಂಕದಲ್ಲಿ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆಯೇ ಇದೆ.

ಇಂಜೆಕ್ಷನ್ನಿಗೆ ದುಡ್ಡು ಹಾಕಬೇಡಿ. ಈ ಬ್ಯಾಕ್ಟೀರಿಯಾ ಜೀವಕೋಶದೊಳಗೇ ಅಡಗಿ ಕೂರುವುದರಿಂದ ಔಷಧಿಯಿಂದ ಪೂರ್ತಿ ಹೋಗುವ ಭರವಸೆಯಿಲ್ಲ. ಹಂದಿಗೆ ನಂಬುವಂಥ ಲಸಿಕೆಯೂ ಇಲ್ಲ. ರೋಗ ಖಚಿತವಾದರೆ ಆ ಹಂದಿಗಳನ್ನು ತಳಿಗೆ ಇಟ್ಟುಕೊಳ್ಳಲಾಗದು. ಕಷ್ಟದ ಮಾತೆಂದು ಗೊತ್ತು, ಆದರೆ ಇಟ್ಟುಕೊಂಡಷ್ಟು ದಿನ ನಷ್ಟ ಬೆಳೆಯುತ್ತದೆ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ನಿಮ್ಮದು. ಕಂದನ್ನೂ ಮಾಸನ್ನೂ ಬರಿಗೈಯಲ್ಲಿ ಎತ್ತಿದವರು ಯಾರು? ಈ ರೋಗ ಮನುಷ್ಯರಿಗೂ ಬರುತ್ತದೆ. ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಕೀಲುನೋವು ಕಂಡರೆ ಡಾಕ್ಟರಿಗೆ ಮೊದಲು ಹಂದಿಯ ವಿಷಯ ಹೇಳಿ. ಹೇಳದಿದ್ದರೆ ಟೈಫಾಯಿಡ್ ಔಷಧಿಯಲ್ಲೇ ತಿಂಗಳು ಕಳೆಯಬಹುದು. ಮುಂದೆ ಗ್ಲೌಸ್ ಹಾಕಿಯೇ ಮುಟ್ಟಿ, ನಾಯಿ ಕೆದಕದಷ್ಟು ಆಳಕ್ಕೆ ಸುಣ್ಣ ಹಾಕಿ ಹೂಳಿ. ಕಂದು ಬಿದ್ದ ಜಾಗದ ಸಗಣಿ, ಕಸವನ್ನೆಲ್ಲ ಕೆರೆದು ತೆಗೆದ ಮೇಲೆಯೇ ಬ್ಲೀಚಿಂಗ್ ನೀರು ಹಾಕಿ. ಕೊಳೆಯ ಮೇಲೆ ಸುರಿದರೆ ಅದರ ಶಕ್ತಿಯೇ ಹೋಗುತ್ತದೆ.