ಓದುಗರ ಪ್ರಶ್ನೆ: ಐಪಿಎಲ್ ಗಡಿ ದಾಟಿದಾಗ ಲಾಭ ಯಾರಿಗೆ, ನಷ್ಟ ಯಾರಿಗೆ?

ಪ್ರಶ್ನೆ: ಲೋಕಸಭೆ ಚುನಾವಣೆ ಬಂತು ಅಂದ್ರೆ ಐಪಿಎಲ್ ಹೊರದೇಶಕ್ಕೆ ಹೋಗುತ್ತೆ ಅನ್ನೋ ಸುದ್ದಿ ಶುರುವಾಗುತ್ತೆ. 2009ರಲ್ಲಿ ಹೋಯ್ತು, 2024ರಲ್ಲಿ ಹೋಗಲಿಲ್ಲ. ಆಳುವ ಪಕ್ಷ ಬದಲಾಗಿದ್ದೇ ಕಾರಣವಾ?
— ಗುತ್ತಲು, ಮಂಡ್ಯದ ಓದುಗರು

ಪಕ್ಷ ಹಿಡಿದು ಹೊರಟರೆ ಅರ್ಧ ಉತ್ತರವಷ್ಟೇ ಸಿಗುತ್ತದೆ. ಬಂದೋಬಸ್ತಿಗೆ ಎಷ್ಟು ಪೊಲೀಸರು ಸಿಗುತ್ತಾರೆ ಎಂಬುದನ್ನು ಮೊದಲು ನೋಡಿ. 2008ರ ನವೆಂಬರ್‌ನಲ್ಲಿ ಮುಂಬೈ ದಾಳಿ ಆಗಿತ್ತು. 2009ರ ಮಾರ್ಚ್ 3ರಂದು ಲಾಹೋರ್‌ನಲ್ಲಿ ಶ್ರೀಲಂಕಾ ಆಟಗಾರರ ಬಸ್ಸಿನ ಮೇಲೆ ಗುಂಡಿನ ದಾಳಿ ನಡೆಯಿತು. ಏಪ್ರಿಲ್ 16ರಿಂದ ಮೇ 13ರವರೆಗೆ ಮತದಾನ. ಅದೇ ದಿನಗಳಲ್ಲಿ ಐಪಿಎಲ್. ಮತಗಟ್ಟೆಗೆ ಹೊರಟ ಅರೆಸೇನಾ ಪಡೆಯನ್ನು ಕ್ರಿಕೆಟ್‌ಗೆ ಕೊಡಲಾಗದು ಎಂಬುದು ಪಿ. ಚಿದಂಬರಂ ಅವರ ಗೃಹ ಸಚಿವಾಲಯದ ನಿಲುವು. ಮಾರ್ಚ್ 22ರಂದು ಭಾರತೀಯ ಕ್ರಿಕೆಟ್ ಮಂಡಳಿ (ಬಿಸಿಸಿಐ) ಹೊರದೇಶದ ತೀರ್ಮಾನ ಮಾಡಿತು. ಏಪ್ರಿಲ್ 18ಕ್ಕೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಆಟ ಶುರುವಾಯಿತು. ನಾಲ್ಕು ವಾರವೂ ತುಂಬದೆ 59 ಪಂದ್ಯಗಳ ಟೂರ್ನಿಯನ್ನು ಎಂಟು ಊರಿಗೆ ಹಂಚಿದ್ದರು.

2014ರಲ್ಲಿ ಮೊದಲ 20 ಪಂದ್ಯಗಳಷ್ಟೇ ಯುಎಇಗೆ ಹೋದವು. ಮೇ 2ರಿಂದ ಆಟ ಇಲ್ಲಿಗೇ ಮರಳಿತು. 2019 ಮತ್ತು 2024ರಲ್ಲಿ ಜಾಗ ಬದಲಿಸದೆ ದಿನಾಂಕ ಹೊಂದಿಸಿಕೊಂಡರು. 2024ರಲ್ಲಿ ಮೊದಲು ಬಿಟ್ಟದ್ದು 21 ಪಂದ್ಯಗಳ ಪಟ್ಟಿ ಮಾತ್ರ; ಉಳಿದದ್ದು ಚುನಾವಣಾ ಆಯೋಗ ದಿನಾಂಕ ಘೋಷಿಸಿದ ಮೇಲೆ. ಆ ವರ್ಷ ಮಂಡ್ಯ, ಮೈಸೂರಿನಲ್ಲಿ ಮತದಾನ ಏಪ್ರಿಲ್ 26ಕ್ಕೆ. ಆರ್‌ಸಿಬಿ ಏಪ್ರಿಲ್ 15ರಂದು ಚಿನ್ನಸ್ವಾಮಿಯಲ್ಲಿ ಆಡಿದ ಮೇಲೆ ಮೇ 4ರವರೆಗೆ ಬೆಂಗಳೂರಿನಲ್ಲಿ ಪಂದ್ಯವೇ ಇರಲಿಲ್ಲ. ಕೋಲ್ಕತ್ತ, ಹೈದರಾಬಾದ್, ಅಹಮದಾಬಾದ್ ಸುತ್ತಿ ಬಂತು. ಮುಂದಿನ ಚುನಾವಣೆಯಲ್ಲಿ ನಿಮ್ಮ ಜಿಲ್ಲೆಯ ಮತದಾನದ ದಿನವನ್ನೂ ಪಂದ್ಯಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ಲೆಕ್ಕ ತಾನಾಗಿಯೇ ಕಾಣುತ್ತದೆ.

ರಾಜಕೀಯ ಇಲ್ಲವೆಂದಲ್ಲ. 2009ರಲ್ಲಿ ವಿರೋಧ ಪಕ್ಷದ ಅರುಣ್ ಜೇಟ್ಲಿ ದೆಹಲಿ ಕ್ರಿಕೆಟ್ ಸಂಸ್ಥೆಯಲ್ಲಿದ್ದರು, ಕೇಂದ್ರ ಸಚಿವ ಶರದ್ ಪವಾರ್ ಮುಂಬೈ ಸಂಸ್ಥೆಯಲ್ಲಿದ್ದರು. ನಮ್ಮ ರಾಜ್ಯ ಸಂಸ್ಥೆಗೆ ಅಧ್ಯಕ್ಷರಾಗಿದ್ದವರು ಮೈಸೂರಿನಿಂದ ಹಲವು ಬಾರಿ ಕಾಂಗ್ರೆಸ್ ಸಂಸದರಾಗಿದ್ದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್. ಸಂಸತ್ತಿನಲ್ಲಿ ಎದುರುಬದುರು ಕೂರುವವರು ಕ್ರಿಕೆಟ್ ಮಂಡಳಿಯಲ್ಲಿ ಒಂದೇ ಮೇಜಿಗೆ ಕೂರುತ್ತಾರೆ. ಹೀಗಿರುವಾಗ ಒಂದೇ ಪಕ್ಷದ ಮೇಲೆ ಹೊರೆ ಹೊರಿಸುವುದು ನ್ಯಾಯವಲ್ಲ.

ಪ್ರಶ್ನೆ: ಪ್ರೇಕ್ಷಕರ ಟಿಕೆಟ್ ದುಡ್ಡು ಪೂರ್ತಿ ಹೋದರೂ ಮಂಡಳಿಗೆ ಹೇಗೆ ಗಿಟ್ಟುತ್ತೆ?
— ಕುವೆಂಪುನಗರ, ಮೈಸೂರಿನ ಓದುಗರು

ಟಿಕೆಟ್ ದುಡ್ಡು ಮಂಡಳಿಯದ್ದಲ್ಲ, ತವರು ತಂಡದ್ದು. ಚಿನ್ನಸ್ವಾಮಿಯಲ್ಲಿ ಸುಮಾರು 35 ಸಾವಿರ ಜನ ಕೂರುತ್ತಾರೆ. ತಲೆಗೆ ಸರಾಸರಿ 2,000 ರೂಪಾಯಿ ಅಂತ ಇಟ್ಟುಕೊಂಡರೂ ಒಂದು ಪಂದ್ಯಕ್ಕೆ ಏಳು ಕೋಟಿ. ಇತ್ತ ಟಿವಿ, ಡಿಜಿಟಲ್ ಪ್ರಸಾರದ ಹಕ್ಕು ನೋಡಿ. 2018ರಿಂದ 2022ರವರೆಗಿನ ಐದು ವರ್ಷಕ್ಕೆ ಸ್ಟಾರ್ ಕೊಟ್ಟದ್ದು 16,347.5 ಕೋಟಿ. ವರ್ಷಕ್ಕೆ 60 ಪಂದ್ಯದಂತೆ ಭಾಗಿಸಿದರೆ ಒಂದೊಂದಕ್ಕೆ 54 ಕೋಟಿ ದಾಟುತ್ತದೆ. 2023ರಿಂದ 2027ರ ಹಕ್ಕು 48,390 ಕೋಟಿ. ಗ್ಯಾಲರಿ ಖಾಲಿ ಇದ್ದರೂ ಕ್ಯಾಮೆರಾ ತಿರುಗುತ್ತಿದ್ದರೆ ಮುಖ್ಯ ಆದಾಯಕ್ಕೆ ಧಕ್ಕೆಯಿಲ್ಲ. ಟೂರ್ನಿಯೇ ರದ್ದಾದರೆ ಮಾತ್ರ ದೊಡ್ಡ ಹೊಡೆತ. ಕೋವಿಡ್ ವರ್ಷ 2020ರಲ್ಲಿ ಯುಎಇಗೆ ಹೋಗಿಯಾದರೂ ಆಡಿಸಿದ್ದು ಇದೇ ಕಾರಣಕ್ಕೆ.

ದೇಶ ಆರಿಸುವಾಗಲೂ ಟಿವಿಯ ಗಡಿಯಾರವೇ ಮೊದಲು. ದಕ್ಷಿಣ ಆಫ್ರಿಕಾ ನಮಗಿಂತ ಮೂರೂವರೆ ಗಂಟೆ ಹಿಂದೆ, ಯುಎಇ ಒಂದೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ 8ಕ್ಕೆ ಮನೆಮಂದಿ ಊಟದ ಹೊತ್ತಿಗೆ ಟಿವಿ ಹಾಕಿದರೆ ಅಲ್ಲಿ ಸಂಜೆ ನಾಲ್ಕೂವರೆ, ಆರೂವರೆ. 2009ರಲ್ಲಿ ಇಂಗ್ಲೆಂಡ್ ಹೆಸರೂ ಇತ್ತು. ಆದರೆ ಏಪ್ರಿಲ್‌ನ ಅಲ್ಲಿನ ಚಳಿ, ಮಳೆ ನಂಬುವಂಥದ್ದಲ್ಲ.

ನಷ್ಟ ಬೀಳುವುದು ಕೆಳಗೆ. ಮೈದಾನ ಕೊಟ್ಟದ್ದಕ್ಕೆ ರಾಜ್ಯ ಸಂಸ್ಥೆಗೆ 2020ರ ಆರಂಭದಲ್ಲಿ ನಿಗದಿಯಾದದ್ದು ಪಂದ್ಯಕ್ಕೆ ಒಂದು ಕೋಟಿ: ತಂಡದಿಂದ 50 ಲಕ್ಷ, ಮಂಡಳಿಯಿಂದ 50 ಲಕ್ಷ. ತವರಿನ ಏಳು ಪಂದ್ಯ ಹೋದರೆ ಏಳು ಕೋಟಿ ಹೋಯಿತು. ಜಿಲ್ಲೆಗಳ ಲೀಗ್, ಪಿಚ್, ಮ್ಯಾಟು, ಅಂಪೈರ್ ಭತ್ಯೆಗೆ ದುಡ್ಡು ಹೊಂದಿಸುವುದೂ ಇದೇ ರಾಜ್ಯ ಸಂಸ್ಥೆ. ಗೇಟಿನಲ್ಲಿ ನಿಲ್ಲುವ ದಿನಗೂಲಿಯವರು, ಟಿ-ಶರ್ಟು, ಬಾವುಟ ಮಾರುವವರಿಗೆ ಆ ಎರಡು ತಿಂಗಳ ಸಂಪಾದನೆ ಯಾರೂ ತುಂಬಿಕೊಡುವುದಿಲ್ಲ. ಈ ಬಗ್ಗೆ ಮಾತೇ ಆಡದಿರುವುದು ನನಗೆ ಸರಿಕಾಣುವುದಿಲ್ಲ.

ಪ್ರಶ್ನೆ: 2009ರ ಸ್ಥಳಾಂತರದ ಹಣದಲ್ಲಿ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ಕೇಸ್ ಆಯಿತಲ್ಲ, ತಪ್ಪಾಗುವುದು ಎಲ್ಲಿ?
— ಸರಸ್ವತಿಪುರಂ, ಮೈಸೂರಿನ ವಾಣಿಜ್ಯ ವಿದ್ಯಾರ್ಥಿ

ಹೋಟೆಲ್, ಬಸ್ಸು, ಮೈದಾನದ ಬಾಡಿಗೆಯಂಥ ಖರ್ಚಿಗೆ ಹಣ ಕಳಿಸಲು ತೊಂದರೆಯಿಲ್ಲ. ಬಿಲ್ ಅಥವಾ ಕರಾರು ತೋರಿಸಿ, ಹೊರದೇಶಕ್ಕೆ ಹಣ ಕಳಿಸುವ ಎ2 ಫಾರಂ ತುಂಬಿ, ಉದ್ದೇಶದ ಕೋಡ್ ಬರೆದು, ವಿದೇಶಿ ವಿನಿಮಯದ ಪರವಾನಗಿ ಇರುವ ಬ್ಯಾಂಕಿನಿಂದ ಪಾವತಿಸಿದರಾಯಿತು. ಹಣ ನೇರ ಬಿಲ್ ಕೊಟ್ಟವನಿಗೇ ಹೋಗಬೇಕು. ಒಂದೇ ಗಂಟಾಗಿ ಹೊರದೇಶದ ಖಾತೆಗೆ ಹಾಕಿ, ಅಲ್ಲಿಂದ ಬೇಕಾದಂತೆ ತೆಗೆದು ಖರ್ಚು ಮಾಡಿದರೆ ಅದು ಬೇರೆ ಬಗೆಯ ವ್ಯವಹಾರ, ರಿಸರ್ವ್ ಬ್ಯಾಂಕ್ ಅನುಮತಿ ಬೇಕು. ಜಾರಿ ನಿರ್ದೇಶನಾಲಯ ಕೈಯಿಟ್ಟದ್ದು ಇಲ್ಲಿಗೇ. ಸುಮಾರು 243 ಕೋಟಿ ಹೀಗೆ ನಿಯಮ ಮೀರಿ ದಕ್ಷಿಣ ಆಫ್ರಿಕಾಕ್ಕೆ ಹೋಯಿತೆಂದು 2018ರಲ್ಲಿ ಮಂಡಳಿ, ಅಂದಿನ ಪದಾಧಿಕಾರಿಗಳು, ಹಣ ಕಳಿಸಿದ ಬ್ಯಾಂಕ್ ಎಲ್ಲರಿಗೂ ಸೇರಿ 121.56 ಕೋಟಿ ದಂಡ ಹಾಕಿತು. ಇಂಥ ಆದೇಶವೇ ಕಡೆಯದಲ್ಲ. ಮೇಲ್ಮನವಿ ನ್ಯಾಯಮಂಡಳಿ ಇದೆ, ಅದರ ಮೇಲೆ ಹೈಕೋರ್ಟ್ ಇದೆ.

ಆತಿಥೇಯರ ಕಡೆಯೂ ಎಡವಟ್ಟಾಯಿತು. ಅಲ್ಲಿನ ಕ್ರಿಕೆಟ್ ಮಂಡಳಿಯಾದ ಕ್ರಿಕೆಟ್ ಸೌತ್ ಆಫ್ರಿಕಾದಲ್ಲಿ 2009ರ ಟೂರ್ನಿಗಳ ಹೆಸರಿನಲ್ಲಿ ಸುಮಾರು 47 ಲಕ್ಷ ರಾಂಡ್ (ಅಲ್ಲಿನ ನಾಣ್ಯ) ಬೋನಸ್ ಹಂಚಿಕೆಯಾಯಿತು. ಸಂಬಳ, ಭತ್ಯೆ ನೋಡಿಕೊಳ್ಳುವ ಸಮಿತಿಯ ಗಮನಕ್ಕೇ ತಂದಿರಲಿಲ್ಲ. ನಿವೃತ್ತ ನ್ಯಾಯಮೂರ್ತಿ ಕ್ರಿಸ್ ನಿಕೋಲ್ಸನ್ ವಿಚಾರಣೆ ನಡೆಸಿದರು. ಸಿಇಒ ಜೆರಾಲ್ಡ್ ಮಜೋಲಾ 2012ರಲ್ಲಿ ಕೆಲಸ ಕಳೆದುಕೊಂಡರು. ನಿಮ್ಮ ಪ್ರಾಜೆಕ್ಟಿಗೆ ಇದು ಒಳ್ಳೆಯ ವಿಷಯ: ಅವಸರದ ಕರಾರು ಎರಡೂ ದೇಶದ ಲೆಕ್ಕಪತ್ರವನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಒಂದೇ ಪ್ರಕರಣದಲ್ಲಿ ತೋರಿಸಬಹುದು.

ಪ್ರಶ್ನೆ: ದುಬೈ ಬದಲು ನಮ್ಮ ಮೈಸೂರಿಗೇ ಕೊಡಬಾರದಾ?
— ಬೋಗಾದಿಯ ಓದುಗರು

ಮಾನಸಗಂಗೋತ್ರಿಯ ಒಡೆಯರ್ ಮೈದಾನ ಆಟಕ್ಕೆ ಚೆನ್ನಾಗಿದೆ, ಆದರೆ ಐಪಿಎಲ್ ಜನಸಂದಣಿ ಹಿಡಿಸುವ ಕಾಯಂ ಗ್ಯಾಲರಿ ಸುತ್ತಲೂ ಇಲ್ಲ. 2025ರ ಜೂನ್ 4ರ ಚಿನ್ನಸ್ವಾಮಿ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ ರಾಜ್ಯದ ಟಿ20 ಟೂರ್ನಿ ಮಹಾರಾಜ ಟ್ರೋಫಿ ಬೆಂಗಳೂರಿನಿಂದ ಇಲ್ಲಿಗೆ ಬಂತು, ಅದೂ ಪ್ರೇಕ್ಷಕರಿಲ್ಲದೆ. ಗ್ಯಾಲರಿ, ಅಗಲವಾದ ಹೊರಬಾಗಿಲುಗಳು, ಪಾರ್ಕಿಂಗ್ ಮೂರೂ ಆಗಬೇಕು. ಅಲ್ಲಿಯವರೆಗೆ ಪೊಲೀಸರು ಒಪ್ಪುವುದು ಕಷ್ಟ, ಒಪ್ಪಲೂಬಾರದು.