ಏನೂ ಹಾಕಬೇಡಿ, ಇನ್ನೊಂದು ಗಂಟೆ ಬಿಡಿ

ಸಣ್ಣ ಉರಿಯಲ್ಲಿ 2 ಗಂಟೆ ಇಟ್ಟರೂ ಮಾಂಸ ರಬ್ಬರಿನ ಹಾಗೇ ಇದೆ, ಮೆತ್ತಗಾಗಲು ಏನು ಹಾಕಬೇಕು ಅಂತ ಕೇಳಿದ್ದೀರಿ. ಆ ಹೊತ್ತಿನ ಗಾಬರಿ ನನಗೆ ಚೆನ್ನಾಗಿ ಗೊತ್ತು.

ಅವತ್ತು 8 ಜನ ಊಟಕ್ಕೆ ಬರುವವರಿದ್ದರು. ಒಲೆ ಮೇಲೆ 2 ಕಿಲೋ ಭುಜದ ಮಾಂಸ. 2 ಗಂಟೆ ಆದ ಮೇಲೆ ಫೋರ್ಕ್ ಚುಚ್ಚಿದೆ. ಒಳಗೆ ಇಳಿಯಲೇ ಇಲ್ಲ, ತುಂಡೇ ಜಾರಿ ಪಕ್ಕಕ್ಕೆ ಹೋಯಿತು. ಉರಿ ಜೋರು ಮಾಡಿಬಿಟ್ಟೆ. ಕೆಟ್ಟಿದ್ದು ಅಲ್ಲೇ. 40 ನಿಮಿಷ ಕೊತಕೊತ ಕುದಿಯಿತು. ತುಂಡುಗಳು ಕುಗ್ಗಿದವು. ಮುಟ್ಟಿದರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತಿದ್ದವು, ಆದರೆ ಬಾಯಿಗಿಟ್ಟರೆ ಒಣ ನಾರು. ಎಲ್ಲರೂ ಸುಮ್ನೆ ಸಾರು ಜಾಸ್ತಿ ಹಾಕಿಸಿಕೊಂಡು ತಿಂದರು. ನನಗೆ ಅಳು ಬಂದಿತ್ತು.

ನಾನು ತಪ್ಪು ತಿಳಿದದ್ದು ಇದನ್ನು. ಮಾಂಸದ ಎಳೆಗಳು 60–65 ಡಿಗ್ರಿಗೇ ಬಿಗಿದುಕೊಂಡು ನೀರು ಹಿಂಡಿ ಬಿಡುತ್ತವೆ. ಅವನ್ನು ಕಟ್ಟಿ ಹಿಡಿದಿರುವ ಬಿಳಿ ಪೊರೆ, ಅಂದರೆ ಕೊಲಾಜೆನ್, 70 ಡಿಗ್ರಿ ದಾಟಿದ ಮೇಲೆ ಮೆಲ್ಲಗೆ ಕರಗಿ ಜೆಲಾಟಿನ್ ಎಂಬ ಮೆತ್ತಗಿನ ಅಂಟಾಗುತ್ತದೆ. ಬಿಗಿಯುವುದು ಬೇಗ, ಕರಗುವುದು ಗಂಟೆಗಟ್ಟಲೆ. ಹಾಗಾಗಿ ನಡುವೆ ಮುಟ್ಟಿ ನೋಡಿದರೆ ಗಟ್ಟಿಯಾಗೇ ಇರುತ್ತದೆ. ಅದು ಕೆಟ್ಟಿಲ್ಲ, ಅರ್ಧ ದಾರಿಯಲ್ಲಿದೆ. ನಾನು ಬೆಂಕಿ ಸಾಲದು ಅಂದುಕೊಂಡೆ. ಜೋರಾಗಿ ಕುದಿಸಿದರೆ ಕೊಲಾಜೆನ್ ಬೇಗ ಕರಗುತ್ತದೆ ನಿಜ, ಆದರೆ ಅಷ್ಟರಲ್ಲಿ ಎಳೆಗಳಲ್ಲಿ ಉಳಿದಿದ್ದ ರಸವೂ ಹೋಗಿರುತ್ತದೆ. ಬೇಕಿದ್ದದ್ದು ಸಮಯ, ಕೊಟ್ಟದ್ದು ಬೆಂಕಿ.

ಅದಕ್ಕೇ ಹೇಳುತ್ತಿದ್ದೇನೆ, ಏನೂ ಹಾಕಬೇಡಿ. ಪರಂಗಿಕಾಯಿ, ವಿನೆಗರ್ ಎಲ್ಲ ಹೆಚ್ಚಾಗಿ ಮೇಲ್ಮೈಯಲ್ಲೇ ಕೆಲಸ ಮಾಡುತ್ತವೆ. ಹೊರಗೆ ಹಿಟ್ಟಾಗುತ್ತದೆ, ಒಳಗೆ ಹಾಗೇ ಉಳಿಯುತ್ತದೆ.

ಉರಿ ಎಷ್ಟು ಸಣ್ಣ ಮಾಡಿದರೂ ಜಾಸ್ತಿ ಅನಿಸಿದರೆ ಪಾತ್ರೆ ಕೆಳಗೆ ಒಂದು ದಪ್ಪ ಕಾವಲಿ ಇಡಿ. ಆಮೇಲಿನ ದಿನಗಳಲ್ಲಿ ನನ್ನ ಅಡುಗೆ ಉಳಿಸಿದ್ದು ಇದೇ. ಸೆಕೆಂಡಿಗೆ ಒಂದೋ ಎರಡೋ ಗುಳ್ಳೆ ಎದ್ದರೆ ಸಾಕು. ಮುಚ್ಚಳ ಸಡಿಲವಿದ್ದರೆ ಬೇಕಿಂಗ್ ಪೇಪರನ್ನು ಮಾಂಸಕ್ಕೆ ತಾಗುವಂತೆ ಹಾಸಿ, ಅದರ ಮೇಲೆ ಮುಚ್ಚಿ. ನೀರು ಸೇರಿಸಲೇಬೇಕಾದರೆ ಬಿಸಿನೀರು. ಸಾಧ್ಯವಾದರೆ ಹಿಂದಿನ ದಿನವೇ ಬೇಯಿಸಿ, ಬಿಸಿ ಇಳಿದ ಕೂಡಲೇ ಫ್ರಿಜ್ಜಿಗೆ ಇಡಿ. ಬೆಳಗ್ಗೆ ಕೊಬ್ಬು ಮೇಲೆ ಹೆಪ್ಪುಗಟ್ಟಿರುತ್ತದೆ, ಚಮಚದಲ್ಲಿ ಎತ್ತಿಬಿಡಬಹುದು.

ಒಂದು ಮಾತು ಮಾತ್ರ ಖಡಾಖಂಡಿತ. ನಿಮ್ಮ ತುಂಡಿನಲ್ಲಿ ಬಿಳಿ ಪೊರೆ, ನರ ಕಾಣದಿದ್ದರೆ ನಿಧಾನ ಅಡುಗೆ ಬೇಡವೇ ಬೇಡ. ಕರಗಲು ಏನೂ ಇಲ್ಲದ ಮೇಲೆ ಒಣಗುವುದೊಂದೇ ಅಲ್ವಾ? ಭುಜ, ಕಾಲು, ಕತ್ತಿನ ಮಾಂಸ ತನ್ನಿ.

ಪಾತ್ರೆ ಈಗಲೂ ಒಲೆ ಮೇಲಿದ್ದರೆ ಮುಚ್ಚಿ ಹಾಗೇ ಬಿಡಿ. ಒಂದು ಗಂಟೆ ಆದ ಮೇಲೆ ಫೋರ್ಕ್ ಚುಚ್ಚಿ ಸ್ವಲ್ಪ ತಿರುಗಿಸಿ. ತುಂಡು ಪಟ್ಟು ಹಿಡಿಯದೆ ಬಿಚ್ಚಿಕೊಂಡರೆ ಆಗಿದೆ. ಇಲ್ಲದಿದ್ದರೆ ಇನ್ನೊಂದು ಅರ್ಧ ಗಂಟೆ, ಅದೇ ಉರಿಯಲ್ಲಿ.