ಬಸಳೆ ಚಪ್ಪರಕ್ಕೆ ಬಂದ ನೋಟಿಸು

ತಮ್ಮಾ, ನಿನ್ನ ಮೆಸೇಜು ಮೊನ್ನೆಯೇ ನೋಡಿದೆ. ನಾನೀಗ ಸೋಮವಾರಪೇಟೆಯ ತವರುಮನೆಯಲ್ಲಿದ್ದೇನೆ. ನಾಲ್ಕು ದಿನದಿಂದ ಬಿಡದ ಮಳೆ, ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಉತ್ತರ ತಡವಾಯಿತು.

ನೀನು ಮುಂದಿನ ತಿಂಗಳು ಸುಂಟಿಕೊಪ್ಪದಿಂದ ಡಲ್ಲಾಸ್‌ಗೆ ಹೊರಡುತ್ತಿದ್ದೀಯ. ಮೊದಲು ಬಾಡಿಗೆ, ಒಂದೆರಡು ವರ್ಷದಲ್ಲಿ ಸ್ವಂತ ಮನೆ ಅನ್ನುವ ಆಸೆ. ಎಚ್‌ಒಎ ಇರುವ ಬಡಾವಣೆಗೆ ಹೋಗಲೇಬೇಡ, ಕಾಟ ತಡೆಯೋಕಾಗಲ್ಲ ಅಂತ ಯಾರೋ ಹೆದರಿಸಿದ್ದಾರೆ. 'ಅದು ನಿಜವಾ ಅಕ್ಕಾ?' ಅಂತ ಕೇಳಿದ್ದೀಯ. ನಾನು ಡಲ್ಲಾಸ್‌ನ ಉತ್ತರದ ಊರೊಂದರಲ್ಲಿ ಹತ್ತು ವರ್ಷದಿಂದ ಅಂಥ ಬಡಾವಣೆಯಲ್ಲೇ ಇದ್ದೇನೆ. ಕಂಡಿದ್ದನ್ನು ಹೇಳುತ್ತೇನೆ.

ಎಚ್‌ಒಎ ಅಂದರೆ ಮನೆ ಮಾಲೀಕರ ಸಂಘ. ಬಿಲ್ಡರ್ ಲೇಔಟ್ ಮಾಡುವಾಗಲೇ ಒಂದು ನಿಯಮಪತ್ರ ಬರೆದು ಕೌಂಟಿ ಆಫೀಸಿನಲ್ಲಿ ನೋಂದಣಿ ಮಾಡಿಸುತ್ತಾನೆ. ಸಿಸಿ ಆ್ಯಂಡ್ ಆರ್ ಅಂತಾರೆ ಅದಕ್ಕೆ. ಅದು ಜಾಗಕ್ಕೆ ಅಂಟಿಕೊಂಡಿರುತ್ತದೆ. ಯಾರು ಕೊಂಡರೂ ಅದಕ್ಕೆ ಒಳಪಡಬೇಕು, ನನಗೆ ಸದಸ್ಯತ್ವ ಬೇಡ ಅನ್ನುವಂತಿಲ್ಲ. ಮನೆಗಳೆಲ್ಲ ಮಾರಾಟವಾಗುವವರೆಗೆ ಹಿಡಿತ ಹೆಚ್ಚಾಗಿ ಬಿಲ್ಡರ್ ಕೈಯಲ್ಲೇ. ಆಮೇಲೆ ಅಲ್ಲಿರುವವರೇ ಓಟು ಹಾಕಿ ಬೋರ್ಡ್ ಆರಿಸುತ್ತಾರೆ. ಬೋರ್ಡಿನವರಿಗೆ ಸಂಬಳ ಇಲ್ಲ. ದಿನದ ಕೆಲಸ ನೋಡಿಕೊಳ್ಳೋಕೆ ಒಂದು ಮ್ಯಾನೇಜ್‌ಮೆಂಟ್ ಕಂಪನಿ ಇರುತ್ತದೆ. ಅಪಾರ್ಟ್‌ಮೆಂಟ್ ಸಂಘಗಳನ್ನೂ ಸೇರಿಸಿದರೆ ಅಮೆರಿಕದಲ್ಲಿ ಇಂಥವು 3 ಲಕ್ಷಕ್ಕಿಂತ ಜಾಸ್ತಿ ಇವೆ. ಡಲ್ಲಾಸ್ ಸುತ್ತ ಹೊಸ ಮನೆ ಬೇಕು ಅಂದರೆ ಬಹುಪಾಲು ಇದರೊಳಗೇ ಬರುತ್ತದೆ. ಇಲ್ಲದ್ದೇ ಬೇಕಾದರೆ ಹಳೇ ಬಡಾವಣೆ ಹುಡುಕಬೇಕು.

ನನ್ನ ಜಾಗದಲ್ಲಿ ನಾನು ಏನು ಮಾಡಬೇಕು ಅಂತ ಹೇಳೋಕೆ ಇವರ್ಯಾರು ಅಂತ ನಿನಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ನಮ್ಮ ತೋಟದಲ್ಲಿ ನಾವೇ ಕಾಪಾಡಿದ ಬೀಟೆ ಮರ ಕಡಿಯೋಕೂ ಅರಣ್ಯ ಇಲಾಖೆಯ ಅನುಮತಿ ಬೇಕಲ್ವಾ? ಜಾಗ ನಮ್ಮದಾದರೂ ಅದರಲ್ಲಿ ಎಲ್ಲವೂ ನಮ್ಮಿಷ್ಟ ಅಲ್ಲ ಅನ್ನೋದು ಕೊಡಗಿನವರಿಗೆ ಹೊಸ ಮಾತಲ್ಲ.

ಹೊಸದು ಅನ್ನಿಸೋದು ಅದನ್ನು ಹೇಳುವ ರೀತಿ. ಮನೆ ಕೊಂಡ ಮೊದಲ ಬೇಸಿಗೆ. ಇಂಡಿಯನ್ ಅಂಗಡಿಯಲ್ಲಿ ತಂದ ಸೊಪ್ಪಿನಲ್ಲಿ ಎರಡು ದಪ್ಪ ಬಸಳೆ ದಂಟು ಸಿಕ್ಕಿತು. ಬಾಗಿಲ ಪಕ್ಕ ಬಿಸಿಲು ಚೆನ್ನಾಗಿದೆ ಅಂತ ಅಲ್ಲೇ ನೆಟ್ಟೆ. ಟೆಕ್ಸಸ್ಸಿನ ಸೆಕೆಗೆ ಬಸಳೆ ಹುಚ್ಚೆದ್ದು ಬೆಳೆಯುತ್ತದೆ. ಒಂದೂವರೆ ತಿಂಗಳಿಗೆ ನಾಲ್ಕು ಬಿದಿರಿನ ಕೋಲು ಹುಗಿದು, ಹಗ್ಗ ಕಟ್ಟಿ ಚಪ್ಪರ ಮಾಡಿದೆ. ಕೆಂಪು ದಂಟು, ಅಂಗೈಯಗಲ ಎಲೆ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ನಿಲ್ಲುತ್ತಿದ್ದೆ, ಅಮ್ಮನ ಹಿತ್ತಲಲ್ಲಿ ನಿಂತ ಹಾಗೆ.

ಒಂದು ದಿನ ಕಾಗದ ಬಂತು. ಒಳಗೆ ನನ್ನ ಚಪ್ಪರದ ಫೋಟೋ. ಕೆಳಗೆ ತಾರೀಖು, ನಿಯಮದ ಸಂಖ್ಯೆ. ರಸ್ತೆಗೆ ಕಾಣುವ ಕಡೆ ಒಪ್ಪಿಗೆಯಿಲ್ಲದ ಕಟ್ಟಡ, ಇಷ್ಟು ದಿನದೊಳಗೆ ತೆಗೆಯಿರಿ, ಇಲ್ಲದಿದ್ದರೆ ದಂಡ. ನಾಲ್ಕು ಬಿದಿರ ಕೋಲಿಗೆ ಕಟ್ಟಡ ಅಂತ ಬರೆದಿದ್ದರು. ನನಗೆ ಅಳುವೇ ಬಂತು. ನಿಯಮಕ್ಕಿಂತ ನೋವು ಕೊಟ್ಟಿದ್ದು ಆ ಫೋಟೋ. ಯಾರೋ ಕಾರಿನಲ್ಲಿ ಬಂದು, ನಮ್ಮ ಮನೆ ಮುಂದೆ ನಿಲ್ಲಿಸಿ, ಫೋಟೋ ತೆಗೆದು ಹೋಗಿದ್ದಾರೆ. ಬಾಗಿಲು ತಟ್ಟಿಲ್ಲ. ನಮ್ಮೂರಲ್ಲಿ ನಮ್ಮ ದನ ಪಕ್ಕದವರ ಗದ್ದೆಗೆ ನುಗ್ಗಿದರೆ ಅವರು ಗೇಟಿನಿಂದಲೇ ಕೂಗಾಡಿಕೊಂಡು ಬರುತ್ತಾರೆ. ಬೈದು ಮುಗಿಸಿ, ಜಗಲಿಯಲ್ಲಿ ಕೂತು ಕಾಫಿ ಕುಡಿದು ಹೋಗುತ್ತಾರೆ. ಅಲ್ಲಿ ಬೈಯುವವರ ಮುಖವೇ ಕಾಣೋದಿಲ್ಲ.

ಕಾಗದದ ಕೊನೆಯಲ್ಲಿ ಬೋರ್ಡಿನ ಮುಂದೆ ಮಾತಾಡಬಹುದು ಅಂತ ಒಂದು ಸಾಲಿತ್ತು. ಬರೆದು ಕೇಳಿದೆ, ಕರೆದರು. ಹೋಗಿ ನೋಡಿದರೆ ಬೋರ್ಡಿನಲ್ಲಿ ಒಬ್ಬರು ನಮ್ಮಿಂದ ಮೂರು ಮನೆ ಆಚೆಯ ಅಜ್ಜಿ. ದಿನಾ ನಾಯಿ ಕರೆದುಕೊಂಡು ಹೋಗುವಾಗ ಕೈ ಬೀಸುವವರು. ಇದು ತಿನ್ನುವ ಸೊಪ್ಪಾ ಅಂತ ಕೇಳಿದರು. ಹಿಂದಿನ ಅಂಗಳದಲ್ಲಿ, ಬೇಲಿಗಿಂತ ಎತ್ತರ ಹೋಗದ ಹಾಗೆ ಹಾಕಿಕೊಳ್ಳಿ, ಈ ಫಾರಂ ತುಂಬಿಕೊಡಿ ಅಂದರು. ಹತ್ತು ನಿಮಿಷದಲ್ಲಿ ಮುಗಿಯಿತು. ಅವತ್ತಿನಿಂದ ನಾನು ಒಂದು ವರ್ಷದ ಮೀಟಿಂಗೂ ತಪ್ಪಿಸಿಲ್ಲ. ನೂರಾರು ಮನೆಗಳಿವೆ, ಮೀಟಿಂಗಿಗೆ ಬರುವವರು ಇಪ್ಪತ್ತು ಮೂವತ್ತು ಜನ. ಆ ಇಪ್ಪತ್ತು ಜನ ಹೇಳಿದ್ದೇ ಕಾನೂನು. ನಮ್ಮವರು ಬರುವುದೇ ಇಲ್ಲ. ಮನೆಯಲ್ಲಿ ಕೂತು ಬೈಯುತ್ತಾರೆ. ನೀನು ಹಾಗೆ ಮಾಡಬೇಡ.

ಇನ್ನು ದುಡ್ಡು. ಸಂಘಕ್ಕೆ ಕಟ್ಟುವ ಫೀಸ್ ನಾನು ಮನೆ ಕೊಂಡಾಗ ವರ್ಷಕ್ಕೆ 550 ಡಾಲರ್ ಇತ್ತು, ಈಗ 840. ಇದು ಸಾಮಾನ್ಯವಾಗಿ ಸಾಲದ ಕಂತಿನ ಜೊತೆ ಹೋಗುವುದಿಲ್ಲ, ಬೇರೆಯಾಗಿ ಕಟ್ಟಬೇಕು. ನಾವೇ ಇರುವ ಮನೆಯಾದರೆ ತೆರಿಗೆಯಲ್ಲಿ ಕಳೆಯೋಕೂ ಬರೋದಿಲ್ಲ. ಬ್ಯಾಂಕಿನವರು ಮಾತ್ರ ಸಾಲ ಕೊಡುವಾಗ ಇದನ್ನೂ ನಿನ್ನ ಖರ್ಚಿಗೆ ಸೇರಿಸಿ ನೋಡುತ್ತಾರೆ. ಇದಲ್ಲದೆ ವಿಶೇಷ ವಂತಿಗೆ ಅಂತ ಒಂದಿದೆ. ಒಮ್ಮೆ ಆಲಿಕಲ್ಲು ಬಿದ್ದು ಕ್ಲಬ್‌ಹೌಸಿನ ಮಾಡು ಹಾಳಾಯಿತು. ಸಂಘದ ಉಳಿತಾಯದಲ್ಲಿ ಅಷ್ಟು ದುಡ್ಡಿರಲಿಲ್ಲ. ಮನೆಗೆ 600 ಡಾಲರ್ ಹಾಕಿದರು. ಎರಡೇ ತಿಂಗಳಲ್ಲಿ ಕಟ್ಟಬೇಕಾಯಿತು.

ಹಾಗಂತ ಕಡಿಮೆ ಫೀಸ್ ಇರುವ ಕಡೆ ಹೋಗು ಅಂತ ಹೇಳುವುದಿಲ್ಲ. 2021ರ ಜೂನ್ 24ರಂದು ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ ಒಂದು ಅಪಾರ್ಟ್‌ಮೆಂಟ್ ಕಟ್ಟಡ ರಾತ್ರೋರಾತ್ರಿ ಕುಸಿದು 98 ಜನ ಸತ್ತರು. ಅದನ್ನು ನೋಡಿಕೊಳ್ಳುತ್ತಿದ್ದದ್ದೂ ಇಂಥದೇ ಮಾಲೀಕರ ಸಂಘ. ದೊಡ್ಡ ರಿಪೇರಿ ಬೇಕು ಅಂತ ಇಂಜಿನಿಯರ್ 2018ರಲ್ಲೇ ವರದಿ ಕೊಟ್ಟಿದ್ದರು. ಸುಮಾರು 1.5 ಕೋಟಿ ಡಾಲರ್ ವಂತಿಗೆ ಎತ್ತಲು ಒಪ್ಪಿಗೆಯಾಗುವ ಹೊತ್ತಿಗೆ 2021 ಬಂದಿತ್ತು. ಫೀಸ್ ಎಷ್ಟು ಅಂತ ಕೇಳುವಾಗಲೇ ಉಳಿತಾಯ ಎಷ್ಟಿದೆ ಅಂತಲೂ ಕೇಳು.

ಫೀಸ್ ಕಟ್ಟದೆ ಬಿಟ್ಟರೆ ಮಾತ್ರ ಕಷ್ಟ. ಆ ಬಾಕಿಗೆ ಮನೆ ಹರಾಜು ಹಾಕಿಸುವ ದಾರಿ ಸಂಘಕ್ಕೆ ಇದೆ, ಟೆಕ್ಸಸ್ಸಿನಲ್ಲೂ ಇದೆ. ಬರೀ ದಂಡದ ಬಾಕಿಗೆ ಅಲ್ಲಿ ಹರಾಜು ಹಾಕುವಂತಿಲ್ಲ, ಆದರೆ ಫೀಸಿನ ಬಾಕಿಗೆ ಹಾಕಬಹುದು. ಹರಾಜಾದ ಮೇಲೂ ಬಾಕಿ, ಖರ್ಚು ಎಲ್ಲ ಕಟ್ಟಿ ಮನೆ ಬಿಡಿಸಿಕೊಳ್ಳಲು 180 ದಿನ ಸಿಗುತ್ತದೆ. ಕೆಲಸ ಹೋಗಿ ಕೈ ಕಟ್ಟಿಹೋದರೆ ಸುಮ್ನೆ ಕೂರಬೇಡ. ಕಂತಿನಲ್ಲಿ ಕಟ್ಟುತ್ತೇನೆ ಅಂತ ಬರೆದು ಕೇಳು. ತೀರಾ ಚಿಕ್ಕ ಸಂಘಗಳನ್ನು ಬಿಟ್ಟರೆ ಕಂತಿನ ವ್ಯವಸ್ಥೆ ಇಟ್ಟಿರಲೇಬೇಕು ಅಂತ ಅಲ್ಲಿನ ಕಾಯ್ದೆ ಹೇಳುತ್ತದೆ.

ಇಷ್ಟಾದರೂ ನಾನು ಯಾಕೆ ಅಲ್ಲೇ ಇದ್ದೇನೆ? 2021ರ ಫೆಬ್ರವರಿಯಲ್ಲಿ ಟೆಕ್ಸಸ್ ಪೂರ್ತಿ ಹೆಪ್ಪುಗಟ್ಟಿತು. ಲಕ್ಷಾಂತರ ಮನೆಗೆ ಕರೆಂಟಿಲ್ಲ, ಪೈಪು ಒಡೆದು ನೀರಿಲ್ಲ. ನಮ್ಮ ಕ್ಲಬ್‌ಹೌಸಿನ ಲೈನಿನಲ್ಲಿ ಮಾತ್ರ ಕರೆಂಟಿತ್ತು. ಬೋರ್ಡಿನವರು ಬೀಗ ತೆಗೆದು ಎಲ್ಲರನ್ನೂ ಕರೆದರು. ಯಾವ ಮನೆಯಲ್ಲಿ ವಯಸ್ಸಾದವರು ಒಂಟಿಯಾಗಿದ್ದಾರೆ ಅಂತ ಪಟ್ಟಿ ಹಿಡಿದು ಬಾಗಿಲು ಬಾಗಿಲಿಗೆ ಹೋದರು. ನಾನು ದೊಡ್ಡ ಪಾತ್ರೆಯಲ್ಲಿ ಗಂಜಿ ಮಾಡಿದೆ. 2018ರ ಆಗಸ್ಟಿನಲ್ಲಿ ನಮ್ಮ ಕಡೆ ಗುಡ್ಡ ಕುಸಿದಾಗ ಶಾಲೆ, ಕಲ್ಯಾಣ ಮಂಟಪಗಳಲ್ಲಿ ಜನ ಮಲಗಿದ್ದು ನಿನಗೆ ನೆನಪಿರಬೇಕು. ಆ ಸಲ ನಾನು ದೂರದಲ್ಲಿ ಕೂತು ಫೋನು ನೋಡುತ್ತಿದ್ದೆ. ಈ ಸಲ ಸೌಟು ಕೈಯಲ್ಲಿತ್ತು. ಅಷ್ಟು ವರ್ಷ ಬರೀ ಹಲೋ ಅಂದವರ ಹೆಸರು ಆ ಮೂರು ರಾತ್ರಿಯಲ್ಲಿ ತಿಳಿಯಿತು.

ದಿನನಿತ್ಯದ ಅನುಕೂಲವೂ ಇದೆ. ಕೆರೆ ದಂಡೆ, ನಡೆಯುವ ದಾರಿ, ಮಕ್ಕಳ ಆಟದ ಜಾಗ, ಈಜುಕೊಳ, ಮಳೆ ನೀರಿನ ಕಾಲುವೆ ಎಲ್ಲ ಚೊಕ್ಕವಾಗಿರುತ್ತವೆ. ಪಕ್ಕದವರು ಕೆಟ್ಟ ಕಾರು ತಂದು ವರ್ಷಗಟ್ಟಲೆ ನಿಲ್ಲಿಸುವಂತಿಲ್ಲ.

ಬಾಗಿಲ ತೋರಣ, ದೀಪಾವಳಿ ದೀಪದ ಬಗ್ಗೆ ನಿಮ್ಮಮ್ಮ ಕೇಳುತ್ತಾರೆ ಅಂದೆಯಲ್ಲ. ಅವರಿಗೆ ಧೈರ್ಯ ಹೇಳು. ಟೆಕ್ಸಸ್ಸಿನಲ್ಲಿ 2011ರ ಕಾಯ್ದೆ ಬಾಗಿಲ ಹತ್ತಿರ ಮಾತ್ರ, ಅದೂ 25 ಚದರ ಇಂಚಿನವರೆಗೆ ಧಾರ್ಮಿಕ ವಸ್ತು ಇಡಲು ರಕ್ಷಣೆ ಕೊಟ್ಟಿತ್ತು. 2021ರಲ್ಲಿ ಅದನ್ನು ಮನೆಯ ಪೂರ್ತಿ ಜಾಗಕ್ಕೆ ವಿಸ್ತರಿಸಿದರು. ಛಾವಣಿಗೆ ಸೋಲಾರ್ ಬೇಡ ಅಂತಲೂ ಸಾಮಾನ್ಯವಾಗಿ ತಡೆಯುವಂತಿಲ್ಲ, ಎಲ್ಲಿ ಕೂರಿಸಬೇಕು ಅನ್ನುವುದರಲ್ಲಿ ಅವರ ಮಾತು ನಡೆಯುತ್ತದೆ. ಬಟ್ಟೆ ಒಣಗಿಸುವ ಹಗ್ಗಕ್ಕೆ ಫ್ಲೋರಿಡಾ, ಕ್ಯಾಲಿಫೋರ್ನಿಯಾದಲ್ಲಿ ಕಾಯ್ದೆಯ ರಕ್ಷಣೆ ಇದೆ. ನಮ್ಮ ಬಡಾವಣೆಯಲ್ಲಿ ರಸ್ತೆಗೆ ಕಾಣಬಾರದು.

ಒಂದು ವಿಷಯ ನೀನು ತಿಳಿದಿರಲಿ. ಇಂಥ ನಿಯಮಪತ್ರಗಳಲ್ಲಿ ಹಿಂದೆ ಬಿಳಿಯರಲ್ಲದವರಿಗೆ ಮನೆ ಮಾರಬಾರದು ಅಂತಲೂ ಬರೆಯುತ್ತಿದ್ದರು. 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಅಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂದಿತು. 1968ರ ಕಾಯ್ದೆಯಲ್ಲಿ ಆ ಭೇದಭಾವವೇ ನಿಷೇಧವಾಯಿತು. ನಾವು ಈಗ ಆ ಮೀಟಿಂಗಿನಲ್ಲಿ ಕೂರುತ್ತೇವೆ ಅಂದರೆ ಅದಕ್ಕೆ ಯಾರೋ ಹೋರಾಡಿದ್ದಾರೆ. ಕುರ್ಚಿ ಖಾಲಿ ಬಿಡಬಾರದು ಅನ್ನುವ ನನ್ನ ಹಟಕ್ಕೆ ಅದೂ ಒಂದು ಕಾರಣ.

ಮನೆ ಕೊಳ್ಳುವಾಗ ಕಾಗದ ಓದು. ನಮ್ಮಲ್ಲಿ ಜಮ್ಮಾ ಜಾಗವಾದರೆ, ಅಂದರೆ ಕುಟುಂಬಕ್ಕೆ ತಲೆತಲಾಂತರದಿಂದ ಬಂದ ಜಾಗವಾದರೆ, ಪಹಣಿಯಲ್ಲಿ ಎಷ್ಟು ಜನರ ಹೆಸರಿದೆ ಅಂತ ನೋಡದೆ ಅಡ್ವಾನ್ಸ್ ಕೊಡುತ್ತೀವಾ? ಹಾಗೇ ಇದು. ಟೆಕ್ಸಸ್ಸಿನಲ್ಲಿ ಹಳೇ ಮನೆ ಕೊಳ್ಳುವಾಗ ಸಂಘದಿಂದ ರೀಸೇಲ್ ಸರ್ಟಿಫಿಕೇಟ್ ತರಿಸಬಹುದು. ಅದಕ್ಕೆ 375 ಡಾಲರ್‌ಗಿಂತ ಜಾಸ್ತಿ ಕೇಳುವಂತಿಲ್ಲ. ಆ ಮನೆಯ ಬಾಕಿ, ಒಪ್ಪಿಗೆಯಾದ ವಂತಿಗೆ, ಸಂಘದ ಉಳಿತಾಯ, ಸಂಘದ ಮೇಲಿರುವ ಕೇಸು ಎಲ್ಲ ಅದರಲ್ಲಿರುತ್ತದೆ. ಕಳೆದ ಒಂದು ವರ್ಷದ ಮೀಟಿಂಗ್ ನಡಾವಳಿಯನ್ನೂ ಕೇಳು. ಜನ ಯಾವುದಕ್ಕೆ ಜಗಳ ಆಡುತ್ತಿದ್ದಾರೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಬಾಡಿಗೆಗೆ ಇರುವಾಗಲೂ ಮಾಲೀಕರಿಂದ ನಿಯಮಗಳ ಪ್ರತಿ ಮೊದಲೇ ತಗೋ. ನೋಟಿಸು ಅವರಿಗೆ ಹೋಗುತ್ತದೆ, ದಂಡ ನಿನ್ನಿಂದ ವಸೂಲಿಯಾಗಬಹುದು. ಕಸದ ಡಬ್ಬಿ ಎಷ್ಟು ಹೊತ್ತು ಹೊರಗಿರಬಹುದು, ರಾತ್ರಿ ಕಾರು ರಸ್ತೆಯಲ್ಲಿ ನಿಲ್ಲಿಸಬಹುದಾ, ಹುಲ್ಲು ಕತ್ತರಿಸುವ ಕೆಲಸ ಯಾರದು, ಈ ಮೂರು ತಿಳಿದುಕೊಂಡರೆ ಅರ್ಧ ತಲೆನೋವು ಹೋಯಿತು.

ನಾನು ಆಗಸ್ಟ್ ಕೊನೆಗೆ ವಾಪಸ್ ಹೋಗುತ್ತೇನೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಕಾಗದ ನನಗೆ ಕಳಿಸು, ಓದಿ ಹೇಳುತ್ತೇನೆ. ಬಸಳೆ ಈಗ ಹಿಂದಿನ ಬೇಲಿ ತುಂಬ ಹಬ್ಬಿದೆ. ಬಂದು ನಾಲ್ಕು ದಂಟು ತಗೊಂಡು ಹೋಗು.